ಸೈಟು ನಮ್ಮದು, ನೀರಿನ ದಾರಿ ಯಾರದು?

ಅಡಿಕೆ, ಕಾಫಿ ಬೆಳೆಗಾರರ ವಾರ್ತಾಪತ್ರದಲ್ಲಿ ಸೈಟು, ಮೋರಿಗಳ ಮಾತೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಕಾರಣವಿದೆ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ನಮ್ಮ ಸದಸ್ಯರಲ್ಲಿ ಈಗ ಮೂರು ತರದವರಿದ್ದಾರೆ. ರಸ್ತೆ ಬದಿಯ ಹೊಲವನ್ನು ಬಡಾವಣೆಗೆ ಮಾರಿದವರು ಕೆಲವರು. ಮಕ್ಕಳಿಗೆಂದು ಅಂಥದೇ ಬಡಾವಣೆಯಲ್ಲಿ ಮೂವತ್ತು ನಲವತ್ತರ ಸೈಟು ಕೊಂಡವರು ಕೆಲವರು. ಆ ಬಡಾವಣೆಯ ಕೆಳಗಡೆ ತೋಟ ಇಟ್ಟುಕೊಂಡು, ಮೋಡ ಕಟ್ಟಿದರೆ ಜೀವ ಕೈಯಲ್ಲಿ ಹಿಡಿದು ಕೂರುವವರು ಉಳಿದವರು. ಒಂದೊಂದು ಮನೆತನದಲ್ಲಿ ಈ ಮೂವರೂ ಅಣ್ಣತಮ್ಮಂದಿರೇ ಆಗಿರುವುದುಂಟು.

ಸಂಘದ ಕಛೇರಿಗೆ ಬರುವ ತಕರಾರುಗಳ ಬಣ್ಣವೂ ಬದಲಾಗಿದೆ. ಮೊದಲು ಗೊಬ್ಬರ ಬರಲಿಲ್ಲ, ನಾಲೆಗೆ ನೀರು ಬಿಡಲಿಲ್ಲ ಎಂದು ಬರುತ್ತಿದ್ದರು. ಈಗ, ಬಂದ ನೀರು ಹೋಗುತ್ತಿಲ್ಲ ಎಂದು ಬರುತ್ತಾರೆ. ಇದರ ಬಗ್ಗೆ ಬರೆಯಲು ನಮಗೆ ಇನ್ನೊಂದು ಕಾರಣವೂ ಇದೆ. ಇಂಥ ತಪ್ಪನ್ನು ನಾವೇ ಒಂದು ಸಲ ಮಾಡಿದ್ದೇವೆ. ಅದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

ನಮ್ಮದೇ ಕಣದ ಕಥೆ

2022ರಲ್ಲಿ ಸಂಘದ ಗೋದಾಮಿನ ಬಳಿಯ ಒಣಗಿಸುವ ಕಣಕ್ಕೆ ಕಾಂಕ್ರೀಟು ಹಾಕಿಸಿದೆವು. ಮಳೆಗಾಲದಲ್ಲಿ ಲಾರಿ ಹೂತುಕೊಳ್ಳುತ್ತದೆಂದು ಮೊದಲು ಎರಡು ಅಡಿ ಗ್ರಾವೆಲ್ ತುಂಬಿಸಿ ಎತ್ತರ ಮಾಡಿದೆವು. ಸುತ್ತಲೂ ಕಾಂಪೌಂಡು ಕಟ್ಟಿಸಿದೆವು. ಮುಂದುಗಡೆ ಲಾರಿ ನಿಲ್ಲುವ ಜಾಗ, ಅಲ್ಲಿ ಕೆಸರಾಗಬಾರದೆಂದು ಮೇಸ್ತ್ರಿಗೆ ಹೇಳಿ ಹಿಂದಕ್ಕೆ ವಾಟ ಕೊಡಿಸಿದೆವು. ಹಿಂದಕ್ಕೆ ಹೋದ ನೀರು ಎಲ್ಲಿಗೆ ಹೋಗುತ್ತದೆಂದು ಆಡಳಿತ ಮಂಡಳಿಯಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಬೇಕಾಗಿದ್ದ ಕಾರ್ಯದರ್ಶಿಯೂ ಕೇಳಲಿಲ್ಲ.

ಆ ವರ್ಷ ಅಕ್ಟೋಬರಿನಲ್ಲಿ ಮೂರು ರಾತ್ರಿ ಸತತ ಮಳೆ ಹಿಡಿಯಿತು. ಕಣದ ನೀರೆಲ್ಲ ಹಿಂದಿನ ಗೋಡೆಗೆ ಬಂದು ನಿಂತು, ಪಾಯದ ಕೆಳಗೆ ದಾರಿ ಮಾಡಿಕೊಂಡು, ಪಕ್ಕದ ತೋಟಕ್ಕೆ ಇಳಿಯಿತು. ಆ ತೋಟ ನಮ್ಮ ಹಳೆಯ ಸದಸ್ಯರೊಬ್ಬರದು. ಅರ್ಧ ಎಕರೆ, ನಾಲ್ಕು ವರ್ಷದ ಅಡಿಕೆ ಗಿಡ. ಒಂಬತ್ತು ದಿನ ನೀರು ನಿಂತಿತು.

ಅವರು ಕಛೇರಿಗೆ ಬಂದಾಗ ನಾವು ಮಾಡಿದ್ದೇನು? ಮಂಜೂರಾದ ಪ್ಲಾನು ತೆಗೆದು ತೋರಿಸಿದೆವು. ಜಾಗ ಸಂಘದ್ದು, ಕಟ್ಟಿದ್ದು ಅನುಮತಿ ಪಡೆದೇ ಎಂದೆವು. ಅವರು ಕಾಗದದ ಕಡೆ ನೋಡಲೇ ಇಲ್ಲ. "ಜಾಗ ನಿಮ್ದೇ ಸ್ವಾಮಿ, ಇಲ್ಲ ಅಂದೋರು ಯಾರು? ಹಂಗಾದ್ರೆ ನೀರೂ ನಿಮ್ದೇ ತಾನೆ. ಅದನ್ನೂ ಒಳಗೇ ಇಟ್ಕೊಳಿ" ಎಂದು ಹೇಳಿ ಎದ್ದು ಹೋದರು.

ಯುಗಾದಿಯ ಹೊತ್ತಿಗೆ ಗರಿ ಹಳದಿಯಾಗಿ 37 ಗಿಡ ಹೋದವು. ಅಡಿಕೆಯ ಬೇರುಗಳಲ್ಲಿ ಬಹುಪಾಲು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಇರುತ್ತವೆ. ಅಲ್ಲಿ ಗಾಳಿಯಾಡದೆ ನೀರು ನಿಂತರೆ ಬೇರು ಕೊಳೆಯುತ್ತದೆ. ಬಸಿಯದ ತೋಟದಲ್ಲಿ ಅಣಬೆ ರೋಗವೂ ಬೇಗ ಹತ್ತುತ್ತದೆ. ಇದು ನಮ್ಮ ಸದಸ್ಯರಿಗೆ ಗೊತ್ತಿಲ್ಲದ ವಿಷಯವಲ್ಲ. ಸಾಲಿನ ಮಧ್ಯೆ ಬಸಿಗಾಲುವೆ ತೆಗೆಯದೆ ಅಡಿಕೆ ಇಡುವವರು ನಮ್ಮಲ್ಲಿ ಯಾರಿದ್ದಾರೆ? ಇಳಿಜಾರಿನಲ್ಲಿ ತೊಟ್ಟಿಲು ಗುಂಡಿ ತೆಗೆಯದೆ ಕಾಫಿ ತೋಟ ನಡೆಸುವವರು ಯಾರಿದ್ದಾರೆ? ತೋಟದಲ್ಲಿ ಅಂಗುಲ ಅಂಗುಲಕ್ಕೆ ನೀರಿನ ಲೆಕ್ಕ ಹಾಕುವ ನಾವು, ಮನೆಯ ಸೈಟಿಗೆ ಬಂದಾಗ ಮಾತ್ರ ಟಿಪ್ಪರಿನ ಲೆಕ್ಕ ಹಾಕುತ್ತೇವೆ. ಎಷ್ಟು ಲೋಡು ಮಣ್ಣು ಹೊಡೆಸಿದೆ ಎಂಬುದೇ ದೊಡ್ಡಸ್ತಿಕೆಯಾಗಿದೆ.

ಒಂದು ಸಣ್ಣ ಲೆಕ್ಕ

ಮೂವತ್ತು ನಲವತ್ತರ ಸೈಟು ಎಂದರೆ 1,200 ಚದರ ಅಡಿ, ಸುಮಾರು 111 ಚದರ ಮೀಟರು. ನಮ್ಮ ಸೀಮೆಯಲ್ಲಿ ಮೇ ತಿಂಗಳ ಗುಡುಗು ಮಳೆಯೋ ಹಿಂಗಾರು ಮಳೆಯೋ ಒಂದೇ ಸಂಜೆ 50 ಮಿ.ಮೀ. ಹೊಡೆಯುವುದು ಅಪರೂಪವಲ್ಲ. ಅಷ್ಟು ಮಳೆಗೆ ಈ ಒಂದು ಸೈಟಿನ ಮೇಲೆ ಬೀಳುವ ನೀರು 5,500 ಲೀಟರ್. ನಮ್ಮ ಕಣ 60 ಅಡಿಗೆ 80 ಅಡಿ. ಅದರ ಮೇಲೆ ಬೀಳುವುದು 22,000 ಲೀಟರಿಗೂ ಹೆಚ್ಚು. ಬೇಸಿಗೆಯಲ್ಲಿ ನಾಲ್ಕು ಟ್ಯಾಂಕರಿಗೆ ದುಡ್ಡು ಕೊಡುವಷ್ಟು ನೀರನ್ನು ಒಂದು ಸಂಜೆಯಲ್ಲಿ ಪಕ್ಕದವರ ಬುಡಕ್ಕೆ ಸುರಿದಿದ್ದೆವು.

ಇನ್ನು ಐದು ಎಕರೆ ಬಡಾವಣೆಯ ವಿಚಾರ. ಅದೇ 50 ಮಿ.ಮೀ. ಮಳೆಗೆ ಐದು ಎಕರೆಯ ಮೇಲೆ ಬೀಳುವ ನೀರು ಸುಮಾರು 10 ಲಕ್ಷ ಲೀಟರ್. ಅದು ಉತ್ತ ಹೊಲವಾಗಿದ್ದಾಗ ಬದು, ಸಾಲು, ಸಡಿಲ ಮಣ್ಣು ಸೇರಿ ಬಹುಪಾಲನ್ನು ಕುಡಿಯುತ್ತಿದ್ದವು. ಅಂದಾಜು 3 ಲಕ್ಷ ಲೀಟರ್ ಹರಿದು ಕೆಳಗೆ ಬರುತ್ತಿತ್ತು ಎಂದಿಟ್ಟುಕೊಳ್ಳೋಣ. ಮನೆ, ತಾರಸಿ, ಡಾಂಬರು, ಕಾಂಕ್ರೀಟು ಬಂದ ಮೇಲೆ ಹರಿದು ಬರುವುದು 7 ಲಕ್ಷ. ಇದು ಅಂದಾಜಿನ ಲೆಕ್ಕ. ಮಣ್ಣು, ಇಳಿಜಾರು ನೋಡಿಕೊಂಡು ಹೆಚ್ಚು ಕಡಿಮೆಯಾಗುತ್ತದೆ. ಆದರೆ ಮಳೆ ಹೆಚ್ಚಾಗದೆಯೇ ನೀರು ಇಮ್ಮಡಿಯಾಗುತ್ತದೆ ಎಂಬುದು ಅಂದಾಜಲ್ಲ. ಮೊದಲು ಅರ್ಧ ದಿನ ತೆಗೆದುಕೊಂಡು ನಿಧಾನವಾಗಿ ಇಳಿಯುತ್ತಿದ್ದ ನೀರು ಈಗ ಅರ್ಧ ಗಂಟೆಯಲ್ಲಿ ನುಗ್ಗುತ್ತದೆ.

ಭೂಮಿಯ ವಾಟ ಬದಲಾಗಿದೆ

ರಾಷ್ಟ್ರೀಯ ಹೆದ್ದಾರಿ 766 ಗುಂಡ್ಲುಪೇಟೆ ಕಡೆಯಿಂದ ನಂಜನಗೂಡಿಗೆ ಬಂದು, ಮೈಸೂರು ಮುಟ್ಟಿ, ತಿ. ನರಸೀಪುರದ ಮೇಲೆ ಕೊಳ್ಳೇಗಾಲಕ್ಕೆ ಹೋಗುತ್ತದೆ. ನಮ್ಮ ಎರಡು ಪಟ್ಟಣಗಳೂ ಒಂದೇ ರಸ್ತೆಯ ಮೇಲಿವೆ; ಒಂದೇ ಹೊಳೆಯ ಮೇಲೂ ಇವೆ. ನಂಜನಗೂಡಿನಲ್ಲಿ ಕಪಿಲೆಗೆ ಬಿದ್ದ ನೀರು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ರಸ್ತೆ ಅಗಲವಾದಂತೆ ಅದರ ಎರಡು ಬದಿಯ ಹೊಲಗಳು ಸೈಟುಗಳಾಗುತ್ತಿವೆ. ಅದನ್ನು ತಡೆಯಬೇಕೆಂದು ನಾವು ಹೇಳುತ್ತಿಲ್ಲ. ಮಕ್ಕಳಿಗೆ ಮನೆ ಬೇಕು.

ಆದರೆ ಈ ಸೀಮೆಯ ಭೂಮಿಯನ್ನು ನಮ್ಮ ಹಿರಿಯರು ನೀರಿನ ಲೆಕ್ಕದಲ್ಲೇ ಹಾಸಿದ್ದರು. ಮೇಲೆ ಹೊಲ, ನಡುವೆ ಕೆರೆ, ಕೆಳಗೆ ಗದ್ದೆ ತೋಟ, ಆಮೇಲೆ ಹೊಳೆ. ಕೆರೆಯ ತೂಬಿನಿಂದ ಬಿಟ್ಟ ನೀರಿಗೂ ಕೋಡಿ ಬಿದ್ದ ನೀರಿಗೂ ದಾರಿ ಇತ್ತು. ಕಪಿಲೆಯ ಹುಲ್ಲಹಳ್ಳಿ ನಾಲೆ, ರಾಂಪುರ ನಾಲೆ, ಕಾವೇರಿಯಲ್ಲಿ ತಲಕಾಡಿನ ಬಳಿಯ ಮಾಧವಮಂತ್ರಿ ಅಣೆಕಟ್ಟೆಯ ನಾಲೆ, ಇವೆಲ್ಲ ಹಳೆಯವು. 1974ರಲ್ಲಿ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟೆ ಮುಗಿದ ಮೇಲೆ ಬಲದಂಡೆ ನಾಲೆ ಬಂತು. ಕೃಷ್ಣರಾಜಸಾಗರದಿಂದ ವರುಣಾ ನಾಲೆಯೂ ಬಂತು. ನಾಲೆ ಬಂದ ಕಡೆ ಕಾಡಾದವರು ಹೊಲಗಾಲುವೆಯನ್ನೂ ಬಸಿಗಾಲುವೆಯನ್ನೂ ತೆಗೆದರು. ನೀರು ತರಲು ಒಂದು, ಹೆಚ್ಚಿನ ನೀರನ್ನು ಒಯ್ಯಲು ಇನ್ನೊಂದು.

ಮೇಲಿನ ಜಮೀನು ಬಡಾವಣೆಯಾದಾಗ ಮೊದಲು ಮಾಯವಾಗುವುದು ಈ ಎರಡು ಕಾಲುವೆಗಳೇ. ಬಡಾವಣೆಗೆ ಅವು ಬೇಡ. ಆದರೆ ಕೆಳಗಿನ ತೋಟದವನಿಗೆ ಬೇಸಿಗೆಯಲ್ಲಿ ಮೊದಲನೆಯದು ಬೇಕು, ಮಳೆಗಾಲದಲ್ಲಿ ಎರಡನೆಯದು ಬೇಕು. ಜೆಸಿಬಿ ಒಂದು ಮಧ್ಯಾಹ್ನ ಓಡಾಡಿದರೆ ಬರುವ ನೀರೂ ನಿಲ್ಲುತ್ತದೆ, ಹೋಗುವ ನೀರೂ ನಿಲ್ಲುತ್ತದೆ.

ಬೆಂಗಳೂರಿನವರು ಇದನ್ನು ನಮಗಿಂತ ಮುಂಚೆ ಕಂಡಿದ್ದಾರೆ. 2022ರ ಸೆಪ್ಟೆಂಬರಿನಲ್ಲಿ ಅಲ್ಲಿನ ಪೂರ್ವ ಭಾಗದ ಬಡಾವಣೆಗಳಲ್ಲಿ ಕೋಟಿಗಟ್ಟಲೆ ಬೆಲೆ ಬಾಳುವ ಮನೆಗಳಿಗೆ ನೀರು ನುಗ್ಗಿದಾಗ ಜನರನ್ನು ಟ್ರಾಕ್ಟರಿನಲ್ಲಿ ಕೂರಿಸಿಕೊಂಡು ಆಚೆಗೆ ತಂದರು. ಕೆರೆಯಿಂದ ಕೆರೆಗೆ ನೀರು ಒಯ್ಯುತ್ತಿದ್ದ ರಾಜಕಾಲುವೆಗಳನ್ನು ಹುಡುಕಿ ಒತ್ತುವರಿ ಬಿಡಿಸುವ ಕೆಲಸ ಅದಾದ ಮೇಲೆ ಜೋರಾಗಿ ನಡೆಯಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ನಮ್ಮ ಪಟ್ಟಣಗಳು ಇನ್ನೂ ಬೆಳೆಯುತ್ತಿವೆ; ಬಾಗಿಲು ಹಾಕಲು ನಮಗೆ ಹೊತ್ತು ಮೀರಿಲ್ಲ.

ಹೊಳೆಯ ನೀರು ಬೇರೆ, ಮಳೆಯ ನೀರು ಬೇರೆ

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. 2018ರಲ್ಲೂ 2019ರಲ್ಲೂ ಕಪಿಲೆ ಉಕ್ಕಿ ನಂಜನಗೂಡಿನ ಹಳ್ಳದಕೇರಿ ಮೊದಲಾದ ತಗ್ಗು ಬೀದಿಗಳಿಗೆ ನೀರು ಬಂತು. ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯ ಮೇಲೆ ನೀರು ಹರಿದು ಮೈಸೂರಿನ ಸಂಚಾರ ನಿಂತಿತು. 2019ರ ಆಗಸ್ಟಿನಲ್ಲಿ ಕಬಿನಿಯಿಂದ 1 ಲಕ್ಷ ಕ್ಯೂಸೆಕ್ಕಿಗೂ ಮಿಗಿಲಾಗಿ ನೀರು ಬಿಟ್ಟಿದ್ದರು. ಸ್ನಾನಘಟ್ಟದ ಹದಿನಾರು ಕಾಲು ಮಂಟಪ ಮುಳುಗಿತೆಂದರೆ ಹೊಳೆ ಎಷ್ಟು ಬಂದಿದೆ ಎಂಬುದು ಊರಿಗೆಲ್ಲ ತಿಳಿಯುತ್ತದೆ.

ಆ ಪ್ರವಾಹ ಕಂಡವರಲ್ಲಿ ಅನೇಕರು, ಸೈಟನ್ನು ಆದಷ್ಟು ಎತ್ತರ ಮಾಡುವುದೇ ಪರಿಹಾರ ಎಂದು ತಿಳಿದಿದ್ದಾರೆ. ಹೊಳೆ ಬಯಲಿಗೆ ಹರಡಿಕೊಳ್ಳುವ ಜಾಗದಲ್ಲಿ ನಮ್ಮ ಒಂದು ಸೈಟಿಗೆ ಮಣ್ಣು ತುಂಬಿದರೆ ಹೊಳೆ ಕಡಿಮೆಯಾಗುವುದಿಲ್ಲ. ಆ ನೀರು ಪಕ್ಕದ ಸೈಟಿನಲ್ಲಿ ಒಂದು ಗೇಣು ಹೆಚ್ಚಾಗುತ್ತದೆ, ಅಷ್ಟೆ. ಅಂಥ ಜಾಗದಲ್ಲಿ ಮನೆ ಕಟ್ಟದಿರುವುದೇ ಸರಿ. ಬೀದಿಯ ಹೆಸರಿನಲ್ಲೇ ಹಳ್ಳ ಇದ್ದರೆ, ಊರಿನವರು ಆ ಹೆಸರನ್ನು ಸುಮ್ಮನೆ ಇಟ್ಟಿಲ್ಲ ಎಂದು ತಿಳಿಯಬೇಕು. ಈ ಲೇಖನದ ವಿಷಯ ಹೊಳೆಯ ನೀರಲ್ಲ. ಹೊಳೆಗೆ ಸೇರುವ ಮುಂಚೆ ನಮ್ಮ ತಾರಸಿ, ಅಂಗಳ, ಬೀದಿಗಳ ಮೇಲೆ ಬಿದ್ದು ಹರಿಯುವ ಮಳೆಯ ನೀರು. ಅದು ನಮ್ಮ ಕೈಯಲ್ಲಿದೆ.

ಕಾನೂನು ಏನು ಹೇಳುತ್ತದೆ

ಸೈಟಿನ ಮಟ್ಟಕ್ಕೂ ಮಳೆ ನೀರಿಗೂ ಎಂದು ನಮ್ಮಲ್ಲಿ ಪ್ರತ್ಯೇಕವಾದ ಒಂದೇ ಕಾಯಿದೆ ಇಲ್ಲ. ಇರುವುದು ಹಲವು ಕಾಯಿದೆಗಳಲ್ಲಿ ಹಂಚಿಹೋಗಿದೆ. ಸದಸ್ಯರಿಗೆ ಬೇಕಾದಷ್ಟನ್ನು ಇಲ್ಲಿ ಒಟ್ಟು ಮಾಡಿದ್ದೇವೆ.

ಮೊದಲನೆಯದು, ಹಳ್ಳ ಯಾರದು ಎಂಬ ಪ್ರಶ್ನೆ. 1964ರ ಕರ್ನಾಟಕ ಭೂ ಕಂದಾಯ ಕಾಯಿದೆಯ 67ನೇ ಪ್ರಕರಣದಂತೆ ಹಳ್ಳ, ತೊರೆ, ಕೆರೆ, ಕಾಲುವೆಗಳು, ಯಾರದಾದರೂ ಖಾಸಗಿ ಸ್ವತ್ತೆಂದು ಸಿದ್ಧವಾಗದ ಹೊರತು, ಸರ್ಕಾರದ ಸ್ವತ್ತು. ಪಹಣಿಯ 3ನೇ ಕಲಮಿನಲ್ಲಿ ವಿಸ್ತೀರ್ಣದ ಜೊತೆಗೆ ಖರಾಬು ಎಷ್ಟೆಂದು ಬರೆದಿರುತ್ತದೆ. ಅದರಲ್ಲಿ ಎ ಖರಾಬು ಎಂದರೆ ಬಂಡೆ ಮುಂತಾದ ಉಳಲಾಗದ ಭಾಗ. ಬಿ ಖರಾಬು ಎಂದರೆ ದಾರಿ, ಹಳ್ಳ, ಕಾಲುವೆ ಮೊದಲಾದ ಸಾರ್ವಜನಿಕ ಭಾಗ. ಬಿ ಖರಾಬನ್ನು ಮಾರಲು ಮಾರುವವನಿಗೆ ಹಕ್ಕಿಲ್ಲ, ಕೊಂಡವನಿಗೆ ಅದು ದಕ್ಕುವುದಿಲ್ಲ. ಹತ್ತು ವರ್ಷದಿಂದ ಅಲ್ಲಿ ನೀರು ಹರಿದಿಲ್ಲ ಎಂಬುದು ಉತ್ತರವಲ್ಲ.

ಎರಡನೆಯದು, ನೆರೆಹೊರೆಯ ಹಕ್ಕು. 1882ರ ಈಸ್‌ಮೆಂಟ್ ಕಾಯಿದೆಯ 7ನೇ ಪ್ರಕರಣದ ಉದಾಹರಣೆಗಳಲ್ಲಿ ಈ ಮಾತಿದೆ: ಮೇಲಿನ ಜಮೀನಿನಲ್ಲಿ ಸಹಜವಾಗಿ ಹುಟ್ಟಿದ ಅಥವಾ ಬಿದ್ದ ನೀರು, ಗೊತ್ತಾದ ಕಾಲುವೆಯಲ್ಲಿ ಅಲ್ಲದೆ, ಸಹಜವಾಗಿ ಕೆಳಗಿನ ಜಮೀನಿಗೆ ಇಳಿಯುವುದನ್ನು ಕೆಳಗಿನವನು ಒಪ್ಪಿಕೊಳ್ಳಬೇಕು. ಇಲ್ಲಿ ಮುಖ್ಯವಾದುದು "ಸಹಜವಾಗಿ" ಎಂಬ ಶಬ್ದ. ಕೆಳಗಿನವನು ಗೋಡೆ ಕಟ್ಟಿ ಮೇಲಿನವನ ನೀರನ್ನು ಅಲ್ಲೇ ಕಟ್ಟಿಹಾಕುವಂತಿಲ್ಲ. ಹಾಗೆಯೇ, ಮೇಲಿನವನು ಎರಡು ಅಡಿ ಮಣ್ಣು ತುಂಬಿ, ನೀರನ್ನೆಲ್ಲ ಒಂದು ಪೈಪಿಗೆ ಸೇರಿಸಿ, ಕೆಳಗಿನವನ ಬೇಲಿಗೆ ಗುರಿಯಿಟ್ಟು ಬಿಡುವುದು ಸಹಜವಾದ ಹರಿವಲ್ಲ. ನಮ್ಮ ಕಣದ ನೀರು ಇದೇ ಸಾಲಿಗೆ ಸೇರಿದ್ದು. ಅದೇ ಕಾಯಿದೆಯಂತೆ 20 ವರ್ಷ ಬಹಿರಂಗವಾಗಿ, ಹಕ್ಕಿನಿಂದ, ಅಡಚಣೆಯಿಲ್ಲದೆ ಒಂದು ದಾರಿಯಲ್ಲಿ ನೀರು ಬಿಟ್ಟುಕೊಂಡು ಬಂದರೆ ಅದೊಂದು ಹಕ್ಕಾಗಿ ನಿಲ್ಲಬಹುದು. ಆದುದರಿಂದ ಪಕ್ಕದವರ ಪೈಪು ನಮ್ಮ ಕಡೆ ತಿರುಗಿದ್ದರೆ ಸಂಕೋಚಪಟ್ಟು ಸುಮ್ಮನಿರಬಾರದು. ಮೊದಲ ವರ್ಷವೇ ಮಾತಾಡಬೇಕು.

ಮೂರನೆಯದು, ಬಡಾವಣೆಯ ಅನುಮತಿ. ಬೇಸಾಯದ ಜಮೀನನ್ನು ವಾಸಕ್ಕೆ ಬಳಸಲು ಭೂ ಕಂದಾಯ ಕಾಯಿದೆಯ 95ನೇ ಪ್ರಕರಣದಂತೆ ಭೂ ಪರಿವರ್ತನೆ ಆಗಬೇಕು. ಅದಾದ ಮೇಲೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ಬಡಾವಣೆಯ ನಕ್ಷೆಗೆ ಮಂಜೂರಾತಿ ಬೇಕು. ಪರಿವರ್ತನೆ ಬೇರೆ, ಬಡಾವಣೆ ಮಂಜೂರಾತಿ ಬೇರೆ. ಮೊದಲನೆಯದನ್ನು ತೋರಿಸಿ ಎರಡನೆಯದೂ ಆಗಿದೆ ಎಂದು ನಂಬಿಸುವವರಿದ್ದಾರೆ. ನಂಜನಗೂಡು ಪಟ್ಟಣವು ಮೈಸೂರು–ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶಕ್ಕೆ ಸೇರಿದ್ದು, ಅದಕ್ಕೆ 2031ರವರೆಗಿನ ಮಹಾಯೋಜನೆ ಇದೆ. ಯಾವ ಸರ್ವೆ ನಂಬರು ವಾಸಕ್ಕೆ, ಯಾವುದು ಬೇಸಾಯಕ್ಕೆ ಎಂಬುದನ್ನು ಅದರಲ್ಲಿ ನೋಡಬಹುದು. ಮಂಜೂರಾದ ಬಡಾವಣೆಯಲ್ಲಿ ರಸ್ತೆ, ಚರಂಡಿ, ನೀರು, ವಿದ್ಯುತ್ತಿನ ಕೆಲಸ ಮುಗಿದಂತೆ ಹಂತಹಂತವಾಗಿ ಸೈಟುಗಳನ್ನು ಬಿಡುಗಡೆ ಮಾಡುವ ಕ್ರಮವಿದೆ. ಬಿಡುಗಡೆಯಾಗದ ಸೈಟಿಗೆ ಮುಂಗಡ ಕೊಡಬಾರದು.

ನಾಲ್ಕನೆಯದು, ರೇರಾ. 2016ರ ಈ ಕೇಂದ್ರ ಕಾಯಿದೆಯಂತೆ, 500 ಚದರ ಮೀಟರಿಗೆ ಮೀರಿದ ಜಾಗದಲ್ಲಿ ಎಂಟಕ್ಕಿಂತ ಹೆಚ್ಚು ಸೈಟು ಮಾಡಿ ಮಾರುವವರು ನೋಂದಣಿ ಮಾಡಿಸಬೇಕು. ಅದರ 14ನೇ ಪ್ರಕರಣ ನಮಗೆ ಬಹಳ ಉಪಯುಕ್ತ. ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಾಮಗಾರಿಯಲ್ಲಾಗಲಿ, ಒದಗಿಸಿದ ಸೇವೆಗಳಲ್ಲಾಗಲಿ ದೋಷ ಕಂಡುಬಂದರೆ, ತಿಳಿಸಿದ 30 ದಿನದಲ್ಲಿ ಬಡಾವಣೆ ಮಾಡಿದವನು ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ನೀರು ಹರಿಯದ ಚರಂಡಿಯೂ ದೋಷವೇ.

ಐದನೆಯದು, ಮನೆಯ ಲೈಸೆನ್ಸು. ಹಳ್ಳಿಯಲ್ಲಾದರೆ 1993ರ ಪಂಚಾಯತ್ ರಾಜ್ ಕಾಯಿದೆಯ 64ನೇ ಪ್ರಕರಣದಂತೆ ಗ್ರಾಮ ಪಂಚಾಯಿತಿಯಿಂದ, ಪಟ್ಟಣದಲ್ಲಾದರೆ 1964ರ ಪುರಸಭೆಗಳ ಕಾಯಿದೆಯಂತೆ ನಂಜನಗೂಡು ನಗರಸಭೆ ಅಥವಾ ತಿ. ನರಸೀಪುರ ಪುರಸಭೆಯಿಂದ ಅನುಮತಿ ಪಡೆಯಬೇಕು. ಎಷ್ಟು ಎತ್ತರ, ಎಷ್ಟು ಖಾಲಿ ಜಾಗ ಎಂಬುದು ಆಯಾ ಕಟ್ಟಡ ಉಪವಿಧಿಗಳಲ್ಲಿದೆ. ಕಟ್ಟುವ ಮುಂಚೆ ಕೇಳಿ ಓದಿಕೊಳ್ಳಬೇಕು. ಮಾದರಿಯಾಗಿರುವ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಎರಡು ಅಳತೆಗಳಿವೆ, ನೆನಪಿಡಲು ಸುಲಭ. ಮನೆಯ ಕಟ್ಟೆ, ಮೇಸ್ತ್ರಿಗಳ ಮಾತಿನ ಬೇಸ್‌ಮೆಂಟು, ಸುತ್ತಲ ನೆಲಕ್ಕಿಂತ ಕನಿಷ್ಠ 45 ಸೆಂ.ಮೀ., ಎಂದರೆ ಒಂದೂವರೆ ಅಡಿ ಎತ್ತರವಿರಬೇಕು. ಒಳ ಅಂಗಳ ಹತ್ತಿರದ ಬೀದಿಯ ನಡುಮಟ್ಟಕ್ಕಿಂತ 15 ಸೆಂ.ಮೀ., ಎಂದರೆ ಅರ್ಧ ಅಡಿ ಎತ್ತರವಿದ್ದು ನೀರು ಹೊರಗೆ ಹರಿಯುವಂತಿರಬೇಕು. ಎತ್ತರಿಸಬೇಕಾದುದು ಮನೆಯ ಕಟ್ಟೆಯನ್ನು. ಇಡೀ ಸೈಟನ್ನು ಮೂರು ಅಡಿ ಏರಿಸಿರಿ ಎಂದು ಅದು ಹೇಳುವುದಿಲ್ಲ.

ಮಂಜೂರಾಗದ ರೆವಿನ್ಯೂ ಸೈಟುಗಳ ಬಗ್ಗೆ ಒಂದೇ ಮಾತು. ಬಿ ಖಾತಾ ಸಿಕ್ಕಿತೆಂದರೆ ತೆರಿಗೆ ಕಟ್ಟಲು ಪುಸ್ತಕ ಸಿಕ್ಕಿತು ಎಂದರ್ಥ. ಚರಂಡಿ ಸಿಕ್ಕಿತು ಎಂದರ್ಥವಲ್ಲ.

ಮನೆ ಕಟ್ಟುವವರಿಗೆ

ಸೈಟು ಕೊಳ್ಳುವ ಮುಂಚೆ ಒಂದು ಜೋರು ಮಳೆಯ ಮಾರನೇ ದಿನ ಹೋಗಿ ನೋಡಿರಿ. ಬೇಸಿಗೆಯಲ್ಲಿ ಎಲ್ಲ ಸೈಟೂ ಚೆನ್ನಾಗಿ ಕಾಣುತ್ತದೆ. ಗ್ರಾಮ ನಕ್ಷೆಯನ್ನು ತೆಗೆಸಿ ಹಳ್ಳದ ಗೆರೆ ಎಲ್ಲಿದೆ ನೋಡಿರಿ. ದಿಶಾಂಕ್ ಎಂಬ ಸರ್ಕಾರದ ಮೊಬೈಲು ಆ್ಯಪ್‌ನಲ್ಲಿ ನಾವು ನಿಂತ ಜಾಗದ ಸರ್ವೆ ನಂಬರು ತಿಳಿಯುತ್ತದೆ. ಮಕ್ಕಳ ಕೈಯಲ್ಲಿ ನೋಡಿಸಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಅಲ್ಲಿ ದನ ಮೇಯಿಸಿದ ಹಿರಿಯರೊಬ್ಬರನ್ನು ಕೇಳಿರಿ.

ಪಾಯ ತೆಗೆಯುವ ಮುಂಚೆ ಟ್ಯೂಬ್ ಮಟ್ಟ ಹಿಡಿದು ರಸ್ತೆಯ ನಡು, ಚರಂಡಿಯ ತಳ, ನಾಲ್ಕು ಮೂಲೆ, ಅಕ್ಕಪಕ್ಕದ ಸೈಟು ಎಲ್ಲವನ್ನೂ ಅಳೆದು ಕಾಗದದ ಮೇಲೆ ಬರೆದಿಡಿರಿ. ಕೆನಡಾ ದೇಶದ ಅನೇಕ ಊರುಗಳಲ್ಲಿ ಇಂಥ ಮಟ್ಟದ ನಕ್ಷೆ ಕೊಡದೆ ಮನೆಗೆ ಅನುಮತಿಯೇ ಇಲ್ಲ; ಮನೆ ಮುಗಿದ ಮೇಲೆ ನಕ್ಷೆಯಂತೆ ಇದೆ ಎಂದು ಸರ್ವೇಯರೋ ಎಂಜಿನಿಯರೋ ಬರೆದುಕೊಡಬೇಕು. ಅಮೆರಿಕದ ಮಾದರಿ ನಿಯಮವೊಂದರಂತೆ ಗೋಡೆಯಿಂದ ಆಚೆಗೆ ಮೊದಲ 10 ಅಡಿಯಲ್ಲಿ ಅರ್ಧ ಅಡಿ ಇಳಿಜಾರು ಇರಬೇಕು. ನಮ್ಮ ಸಣ್ಣ ಸೈಟಿನಲ್ಲಿ 10 ಅಡಿ ಎಲ್ಲಿಂದ ಬರಬೇಕು? ಇರುವ ಮೂರು ಅಡಿಯಲ್ಲೇ ಗೋಡೆಯಿಂದ ಆಚೆಗೆ ವಾಟ ಕೊಟ್ಟು, ಕಾಂಪೌಂಡಿನ ಒಳಗಡೆಯೇ ಒಂದು ಸಣ್ಣ ಮೋರಿ ಮಾಡಿ, ನೂರು ಅಡಿಗೆ ಒಂದು ಅಡಿಯಂತೆ ಇಳಿಸಿ ಬೀದಿಯ ಚರಂಡಿಗೆ ಮುಟ್ಟಿಸಿರಿ. ಮೋರಿ ನಮ್ಮ ಗೋಡೆಯ ಒಳಗಿರಬೇಕು ಎಂಬುದೇ ಮುಖ್ಯ.

ತಾರಸಿಯ ನೀರನ್ನು ಮೊದಲು ಸಂಪಿಗೆ ಬಿಡಿರಿ. 5,500 ಲೀಟರ್ ನೀರು ಬಿಟ್ಟಿ ಬಂದಾಗ ಬೇಡವೆನ್ನುವುದೇಕೆ? ತುಂಬಿ ಮಿಕ್ಕಿದ್ದನ್ನು ಇಂಗುಗುಂಡಿಗೆ ಬಿಡಬಹುದು. ಗುಂಡಿ ಪಾಯದಿಂದ ದೂರವಿರಲಿ. ಕೆಂಪು ಮಣ್ಣಿನಲ್ಲಿ ಇಂಗುಗುಂಡಿ ಚೆನ್ನಾಗಿ ಕೆಲಸ ಮಾಡುತ್ತದೆ. ಎರೆ ಮಣ್ಣಿನಲ್ಲಿ, ನಾಲೆಯ ಕೆಳಗಿನ ಜವುಳು ನೆಲದಲ್ಲಿ ಅದನ್ನು ನಂಬಬೇಡಿರಿ. ಮಳೆ ನೀರನ್ನು ಒಳಚರಂಡಿಗೆ ಸೇರಿಸಲೇಬಾರದು. ಹಾಗೆ ಮಾಡಿದರೆ ಕೆಳಗಿನ ಬೀದಿಯ ಮನೆಗಳಲ್ಲಿ ಪಾಯಿಖಾನೆಯ ನೀರು ಹಿಂದಕ್ಕೆ ಉಕ್ಕುತ್ತದೆ.

ಪಂಚಾಯಿತಿ, ಪುರಸಭೆಯಲ್ಲಿರುವ ನಮ್ಮ ಸದಸ್ಯರಿಗೂ ಒಂದು ಮಾತು. ಬೀದಿಗೆ ಡಾಂಬರು ಹಾಕುವಾಗಲೆಲ್ಲ ಹಳೆಯದರ ಮೇಲೆ ಹೊಸದನ್ನು ಪೇರಿಸಿದರೆ ಹತ್ತು ವರ್ಷದಲ್ಲಿ ಬಡವರ ಹಳೇ ಮನೆಗಳೆಲ್ಲ ತಗ್ಗಿಗೆ ಬೀಳುತ್ತವೆ. ಹಳೆಯದನ್ನು ಕೆತ್ತಿ ತೆಗೆದು ಹಾಕಿಸಿರಿ.

ಮಾರುವವರಿಗೆ, ಕೆಳಗಿರುವವರಿಗೆ

ಜಮೀನು ಮಾರುವ ಸದಸ್ಯರು ಕರಾರಿನಲ್ಲೇ ಒಂದು ಕಲಮು ಹಾಕಿಸಿರಿ: ಇಂಥ ಕಡೆ ಹೊಲಗಾಲುವೆ, ಇಂಥ ಕಡೆ ಬಸಿಗಾಲುವೆ ಇದೆ, ಅವನ್ನು ಮುಚ್ಚತಕ್ಕದ್ದಲ್ಲ ಎಂದು. ಹಣ ಎಣಿಸಿಕೊಂಡ ಮೇಲೆ ನಮ್ಮ ಮಾತಿಗೆ ಬೆಲೆ ಇರುವುದಿಲ್ಲ. ಎಣಿಸಿಕೊಳ್ಳುವ ಮುಂಚೆ ಇರುತ್ತದೆ. ಕೆಳಗಿನ ತೋಟ ತಮ್ಮನದೇ ಆಗಿರಬಹುದು.

ಕೆಳಗೆ ತೋಟವಿರುವವರು ಮೇಲೆ ಅಳತೆಯ ಕಲ್ಲು ನೆಟ್ಟ ದಿನವೇ ಎಚ್ಚರವಾಗಬೇಕು. ಮನೆ ಎದ್ದ ಮೇಲೆ ಕಾಲುವೆ ಬಿಡಿಸುವುದು ವರ್ಷಗಳ ಕೆಲಸ. ನಕ್ಷೆ ಮಂಜೂರಾಗುವ ಮುಂಚೆ ಆಕ್ಷೇಪಣೆ ಕೊಡುವುದು ಒಂದು ದಿನದ ಕೆಲಸ. ಅರ್ಜಿಯನ್ನು ಪಂಚಾಯಿತಿ, ತಹಶೀಲ್ದಾರರ ಕಛೇರಿ, ಯೋಜನಾ ಪ್ರಾಧಿಕಾರ ಮೂರು ಕಡೆಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ನಾಲೆಯ ಕಾಲುವೆಯಾದರೆ ನೀರಾವರಿ ಎಂಜಿನಿಯರರಿಗೂ ಕೊಡಿರಿ. ನೀರು ನಿಂತಾಗ ತಾರೀಖು ಬರುವಂತೆ ಫೋಟೋ ತೆಗೆದಿಡಿರಿ. ಸಾರ್ವಜನಿಕ ಹಳ್ಳ ಅಥವಾ ದಾರಿ ಕಟ್ಟಿ ಜನರಿಗೆ ತೊಂದರೆಯಾಗಿದ್ದರೆ, 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಪ್ರಕರಣದಂತೆ ಅಡಚಣೆ ತೆಗೆಯಿಸುವ ಅಧಿಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗಿದೆ. ಇಬ್ಬರ ನಡುವಿನ ಖಾಸಗಿ ವ್ಯಾಜ್ಯವಾದರೆ ಸಿವಿಲ್ ನ್ಯಾಯಾಲಯ. ಆದರೆ ಬೇಲಿಯ ಬಳಿ ನಿಂತು ಆಡುವ ಎರಡು ಮಾತು ಇವೆಲ್ಲಕ್ಕಿಂತ ಅಗ್ಗ. ಜೊತೆಗೆ ತೋಟದ ಮೇಲಂಚಿಗೆ ಒಂದು ಆಳವಾದ ಬಸಿಗಾಲುವೆ ತೆಗೆದುಕೊಂಡಿರಿ. ತಪ್ಪು ಮೇಲಿನವನದೇ ಆದರೂ ಗಿಡ ನಮ್ಮದು.

ನಾವು ಮಾಡಿದ್ದು

ಕಣದ ವಿಷಯಕ್ಕೆ ಬಂದು ಮುಗಿಸುತ್ತೇವೆ. ಮುಂದಿನ ಬೇಸಿಗೆಯಲ್ಲಿ ಹಿಂದಿನ ಗೋಡೆಯುದ್ದಕ್ಕೂ ಒಂದೂವರೆ ಅಡಿ ಕಾಂಕ್ರೀಟು ಒಡೆಸಿ ಮೋರಿ ಮಾಡಿಸಿ ಬೀದಿಯ ಚರಂಡಿಗೆ ಸೇರಿಸಿದೆವು. ಕೆಲಸ ಮುಗಿಯಿತೆಂದುಕೊಂಡೆವು. ಒಂದು ಮಳೆಯ ದಿನ ಛತ್ರಿ ಹಿಡಿದು ಆ ಚರಂಡಿಯ ಜೊತೆಯಲ್ಲೇ ನಡೆದು ನೋಡಿದಾಗ, ಅದು ಮೂರು ಫರ್ಲಾಂಗು ಆಚೆ ಕೊನೆಯಾಗಿ ಇನ್ನೊಬ್ಬ ಸದಸ್ಯರ ಗದ್ದೆಗೆ ನೀರು ಚೆಲ್ಲುತ್ತಿತ್ತು. ಒಬ್ಬರ ತೊಂದರೆಯನ್ನು ತೆಗೆದು ಇನ್ನೊಬ್ಬರಿಗೆ ದಾಟಿಸಿದ್ದೆವು. ಆಮೇಲೆ ಗೋದಾಮಿನ ತಾರಸಿಯ ನೀರಿಗೆ ಸಂಪು, ಕಣದ ಮೂಲೆಗೆ ಇಂಗುಗುಂಡಿ ಮಾಡಿಸಿದೆವು. ಈಗ ಸಾಧಾರಣ ಮಳೆಗೆ ಕಣದಿಂದ ನೀರು ಹೊರಗೆ ಹೋಗುವುದಿಲ್ಲ. ದೊಡ್ಡ ಮಳೆಗೆ ಹೋಗುತ್ತದೆ. ಆ ಚರಂಡಿಯನ್ನು ಹಳೆಯ ಹಳ್ಳದವರೆಗೆ ಮುಂದುವರಿಸಬೇಕೆಂದು ಅರ್ಜಿ ಕೊಟ್ಟು ಕಾಯುತ್ತಿದ್ದೇವೆ.

ಪಕ್ಕದ ತೋಟದ ಸದಸ್ಯರಿಗೆ ಆಡಳಿತ ಮಂಡಳಿ ನಿರ್ಣಯ ಮಾಡಿ 37 ಸಸಿ ಮತ್ತು ಕೂಲಿ ಕೊಟ್ಟಿತು. ಹೋದ ನಾಲ್ಕು ವರ್ಷವನ್ನು ಕೊಡಲು ಆಗಲಿಲ್ಲ. ಸಸಿ ಇಳಿಸಿಕೊಳ್ಳುವಾಗ ಅವರು, "ಗುಂಡಿ ತೆಗೆಯೋಕೆ ಮುಂಚೆ ನಿಮ್ಮ ಟ್ಯೂಬ್ ಮಟ್ಟ ತಂದು ನಮ್ಮ ತೋಟಾನೂ ಒಂದ್ಸಲ ಅಳೆದುಕೊಡಿ" ಎಂದರು. ಅಳೆದುಕೊಟ್ಟೆವು.

ಆ ಟ್ಯೂಬ್ ಮಟ್ಟ ಈಗ ಸಂಘದ ಕಛೇರಿಯಲ್ಲಿದೆ. ಮನೆ ಕಟ್ಟುವ, ಸೈಟು ಕೊಳ್ಳುವ, ಜಮೀನು ಮಾರುವ ಸದಸ್ಯರು ಯಾರು ಬೇಕಾದರೂ ಕೇಳಿ ಒಯ್ಯಬಹುದು. ಪಹಣಿ ಮತ್ತು ಗ್ರಾಮ ನಕ್ಷೆ ತಂದರೆ ಹಳ್ಳ, ಖರಾಬುಗಳನ್ನು ಗುರುತಿಸಿಕೊಡುತ್ತೇವೆ. ಸದಸ್ಯರು ಹಿಂಗಾರು ಮಳೆಗೆ ಮುಂಚೆಯೇ ತಮ್ಮ ತಮ್ಮ ಮನೆಯ ನೀರು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಒಂದು ಸಲ ನಡೆದು ನೋಡಬೇಕೆಂದು ವಿನಂತಿ.